ಕತ್ತರಿಗೆ ಬಗ್ಗದ ಬಳ್ಳಿ

ಮೈಸೂರಿನ ನಮ್ಮ ಮನೆಯ ಹಿಂದಿನ ಕಾಂಪೌಂಡ್ ಗೋಡೆಯನ್ನು ಈಗ ಪೂರ್ತಿ ಆವರಿಸಿರುವುದು ಮೆಕ್ಸಿಕನ್ ಕ್ರೀಪರ್. ಕೋರಲ್ ವೈನ್ ಎಂದೂ ಕರೆಯುವ ಈ ಬಳ್ಳಿಯ ಶಾಸ್ತ್ರೀಯ ಹೆಸರು ಆಂಟಿಗೊನಾನ್ ಲೆಪ್ಟೋಪಸ್, ತವರು ಮೆಕ್ಸಿಕೊ. ಹೂ ಬಿಡುವ ಕಾಲದಲ್ಲಿ, ಬೆಳಗಿನ ಬಿಸಿಲೇರುತ್ತಿದ್ದಂತೆ ತುಡುವೆ ಜೇನುಗಳೂ ಮುಜಂಟಿಗಳೂ ಮುತ್ತಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಕಿತ್ತೆಸೆಯಲು ಸುಲಭವಾಗಿ ಮನಸ್ಸು ಬಾರದು.

ಇದರ ಅಂದಕ್ಕೂ ಹಾವಳಿಗೂ ಕಾರಣ ಒಂದೇ ಗೊಂಚಲಿನಲ್ಲಿದೆ. ಹೂಗೊಂಚಲಿನ ತುದಿಯೇ ಸುರುಳಿ ಕುಡಿಯಾಗಿ ಸಿಕ್ಕ ಆಸರೆಯನ್ನು ಹಿಡಿದುಕೊಳ್ಳುತ್ತದೆ. ಗುಲಾಬಿ ಬಣ್ಣದ ಐದು ಎಸಳುಗಳಲ್ಲಿ ಹೊರಗಿನ ಮೂರು ಅಗಲ, ಒಳಗಿನ ಎರಡು ಕಿರಿದು. ಹೂವಿನ ಕಾಲ ಮುಗಿದರೂ ಅವು ಉದುರದೆ, ಕಾಗದದಂತೆ ಒಣಗಿ, ಮೂರು ಏಣಿನ ಪುಟ್ಟ ಕಾಯನ್ನು ಸುತ್ತಿಕೊಂಡೇ ಇರುತ್ತವೆ. ಆ ಹೊದಿಕೆಯಿಂದಾಗಿ ಕಾಯಿ ನೀರಿನಲ್ಲಿ ತೇಲಬಲ್ಲದು. ಮಳೆ ಬಂದರೆ ಮೋರಿ, ಹಳ್ಳಗಳ ದಾರಿ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಲ್ಲದು. ಪೆಸಿಫಿಕ್ ಸಾಗರದ ಗುವಾಮ್‌ನಂತಹ ದ್ವೀಪಗಳಲ್ಲಿ ಇದು ಉಳಿದ ಗಿಡಗಳ ಮೇಲೆ ಹೊದ್ದುಕೊಂಡು, ಬೆಳಕು ತಡೆದು, ಪಿಡುಗೆನಿಸಿದೆ.

ನಮ್ಮಲ್ಲಿ ಅದು ಸೀಬೆ ಮರವನ್ನು ಹತ್ತಿದಾಗ ನೆಂಟರೆಲ್ಲ ಕೊಟ್ಟ ಸಲಹೆ, ಬುಡಕ್ಕೆ ಕತ್ತರಿಸಿಬಿಡಿ ಎಂಬುದು. ಕತ್ತರಿಸಿದರೆ ಈ ಬಳ್ಳಿಗೆ ನಷ್ಟವೇನೂ ಇಲ್ಲ, ಏಕೆಂದರೆ ಅದರ ಬಂಡವಾಳವಿರುವುದು ಮಣ್ಣಿನೊಳಗಿನ ಗೆಡ್ಡೆಗಳಲ್ಲಿ. ಮೊದಲ ಮಳೆಯ ನಂತರ ನೆಲ ಮೆತ್ತಗಾದಾಗ ಗುದ್ದಲಿಯಿಂದ ಸುತ್ತ ಅಗೆದು, ಗೆಡ್ಡೆಗಳನ್ನು ತುಂಡಾಗದಂತೆ ಎತ್ತಬೇಕು; ಉಳಿದ ಚೂರುಗಳಿಂದ ಚಿಗುರು ಬಂದಾಗಲೆಲ್ಲ ಮತ್ತೆ ಅಗೆಯಬೇಕು. ಕಿತ್ತ ಗೆಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲಿಯೂ ತೋಟವೇಳುತ್ತದೆ.

ಸೀಬೆ ಮರದ ಬುಡವನ್ನು ಹೀಗೆ ಬಿಡಿಸಿಕೊಂಡು, ಗೋಡೆಯ ಬಳಿ ಒಂದು ಬುಡವನ್ನು ಮಾತ್ರ ಉಳಿಸಿದ್ದೇನೆ. ಗೊಂಚಲುಗಳು ಮಾಸತೊಡಗಿದೊಡನೆ, ಕಾಯಿ ಬಲಿಯುವ ಮೊದಲೇ, ಕತ್ತರಿಸಿ ತೆಗೆಯುತ್ತೇನೆ. ಜೇನಿಗೆ ಸಾಲುವಷ್ಟು ಹೂ ಆ ವೇಳೆಗೆ ಅರಳಿ ಮುಗಿದಿರುತ್ತದೆ. ಹಾಗೆಂದು ಹೊಸದಾಗಿ ನೆಡಲು ಕಡ್ಡಿ ಕೇಳುವವರಿಗೆ ನಾನು ಕೊಡುವುದಿಲ್ಲ. ಕೆರೆ ಅಥವಾ ರಾಜಕಾಲುವೆಯ ಪಕ್ಕದಲ್ಲಿ ಮನೆಯಿರುವವರು ಇದನ್ನು ಇಟ್ಟುಕೊಳ್ಳುವುದೇ ಬೇಡ. ಗೋಡೆಗೆ ಹೂವೇ ಬೇಕಾದರೆ ಜಾಜಿ ಬಳ್ಳಿ ಇದ್ದೇ ಇದೆ.