ಹೋಲಿಕೆಯ ಭಾರ ಹೊರುವ ಪದ

‘ಅಣ್ಣನಿಗಿಂತ ತಮ್ಮ ಎತ್ತರ’ ಎನ್ನುವಾಗ ಹೋಲಿಕೆಯ ಕೆಲಸವನ್ನೆಲ್ಲ ‘ಇಂತ’ ಎಂಬ ತುಣುಕೇ ಹೊತ್ತುಕೊಳ್ಳುತ್ತದೆ. ‘ಎತ್ತರ’ ಇದ್ದ ಹಾಗೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಬಂದರೂ ಸಾಲದು, ಗುಣವಾಚಕವೂ ‘ಟಾಲರ್’ ಎಂದು ರೂಪ ಬದಲಿಸಬೇಕು. ಹೀಗಿರುವಾಗ ಕನ್ನಡದ ಮಗುವೊಂದು ‘ಟಾಲ್ ದ್ಯಾನ್’ ಎಂದು ಬರೆದರೆ, ಅದನ್ನು ಅಲಕ್ಷ್ಯವೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಬದಲು, ತನ್ನ ಮಾತೃಭಾಷೆಯ ನಿಯಮವನ್ನೇ ಅದು ನಿಷ್ಠೆಯಿಂದ ಪಾಲಿಸಿದೆ ಎಂಬುದನ್ನು ಗುರುತಿಸಿ, ಎರಡು ಭಾಷೆಗಳ ವ್ಯತ್ಯಾಸವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಹೋಲಿಕೆಯನ್ನು ಎರಡು ಸಲ ಹೇಳುವ ‘ಮೋರ್ ಬೆಟರ್’ ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ತಪ್ಪೇ ಹೌದು. ಆದರೆ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿ, ಸೀಸರನ ಮೇಲಂಗಿಯಲ್ಲಿ ಬ್ರೂಟಸ್ ಇರಿದ ಜಾಗವನ್ನು ತೋರಿಸುತ್ತ ‘ಮೋಸ್ಟ್ ಅನ್‌ಕೈಂಡೆಸ್ಟ್’ ಎನ್ನುತ್ತಾನೆ. ಒತ್ತು ಕೊಡಲು ಇಂಥ ಇಮ್ಮಡಿ ರೂಪ ಆ ಕಾಲದಲ್ಲಿ ಸಲ್ಲುತ್ತಿತ್ತು.

ಇನ್ನು, ನಮ್ಮ ಕಚೇರಿಗಳಲ್ಲಿ ದಿನವೂ ಕೇಳುವ ‘ಸೀನಿಯರ್’, ‘ಜೂನಿಯರ್’ ಪದಗಳು ಲ್ಯಾಟಿನ್ನಿನಲ್ಲಿಯೇ ಹೋಲಿಕೆಯ ರೂಪ ತಳೆದು ಇಂಗ್ಲಿಷಿಗೆ ಬಂದವು. ‘ಸುಪೀರಿಯರ್’, ‘ಇನ್ಫೀರಿಯರ್’ ಪದಗಳೂ ಅದೇ ವಂಶದವು. ಇವುಗಳ ನಂತರ ‘ದ್ಯಾನ್’ ಬಾರದೆ ‘ಟು’ ಬರುತ್ತದೆ; ಬರಿಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು ಈ ಹಿನ್ನೆಲೆಯನ್ನು ತರಗತಿಯಲ್ಲಿ ಹೇಳಲು ಎರಡು ನಿಮಿಷವೂ ಬೇಕಾಗುವುದಿಲ್ಲ.