ಒಳಗಿನ ಕಾಗದ ಮೊದಲು

ನಾನು ಏನು ಕೆಲಸ ಮಾಡ್ತೀನಿ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ ಒಂದೇ ಮಾತಲ್ಲಿ ಮುಗಿಸುತ್ತಾರೆ: "ಡಬ್ಲಿನ್‌ನಲ್ಲಿ ರೆಕಾರ್ಡ್ ರೂಮು." ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಲೆಕ್ಕದಲ್ಲಿ ಕಡತ ಎಲ್ಲಿದ್ದರೂ ಕಡತವೇ.

ಅವರು ಹೇಳುವುದು ಹೆಚ್ಚುಕಮ್ಮಿ ಸರಿ. ಸುಮಾರು ಇನ್ನೂರು ವರ್ಷದ ಹಿಂದೆ ಐರ್ಲೆಂಡಿನ ಜನ ಸರ್ಕಾರಕ್ಕೆ ಬರೆದ ಅರ್ಜಿ, ದೂರು, ಅದರ ಮೇಲೆ ಪೊಲೀಸರು ಕೊಟ್ಟ ವರದಿ, ಇವನ್ನೆಲ್ಲ ಬಿಡಿಸಿ ಓದಿ ಒಂದೊಂದಕ್ಕೂ ಮೂರು ಸಾಲಿನ ವಿವರ ಬರೆಯುವುದು ನನ್ನ ಕೆಲಸ. ಹುಡುಕಿಕೊಂಡು ಬರುವವರ ಕಣ್ಣಿಗೆ ಮೊದಲು ಬೀಳುವುದು ಆ ಮೂರು ಸಾಲು. ಮೂಲ ಕಾಗದ ತರಿಸಿ ನೋಡುವವರು ಕಡಿಮೆ. ಆ ಮೂರು ಸಾಲಿನಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ಕಾಗದದ ಬಗ್ಗೆ ಸ್ವಲ್ಪ ಹೇಳಬೇಕು. ಆಗ ಐರ್ಲೆಂಡನ್ನು ಆಳುತ್ತಿದ್ದದ್ದು ಡಬ್ಲಿನ್ ಕ್ಯಾಸಲ್‌ನಿಂದ. ಲಂಡನ್ನಿನಿಂದ ಬಂದ ಲಾರ್ಡ್ ಲೆಫ್ಟಿನೆಂಟ್ ಮೇಲೆ, ಅವರ ಕೆಳಗೆ ಚೀಫ್ ಸೆಕ್ರೆಟರಿ, ಅವರ ಕೆಳಗೆ ಅಂಡರ್ ಸೆಕ್ರೆಟರಿ. ಚೀಫ್ ಸೆಕ್ರೆಟರಿ ಪಾರ್ಲಿಮೆಂಟಿಗಾಗಿ ವರ್ಷದಲ್ಲಿ ಎಷ್ಟೋ ತಿಂಗಳು ಲಂಡನ್ನಿನಲ್ಲೇ ಇರುತ್ತಿದ್ದರು. ದಿನದಿನದ ಟಪಾಲು ನೋಡುತ್ತಿದ್ದವರು ಅಂಡರ್ ಸೆಕ್ರೆಟರಿ. 1812ರಿಂದ ಸುಮಾರು ಹದಿನೆಂಟು ವರ್ಷ ಆ ಕುರ್ಚಿಯಲ್ಲಿ ಕೂತಿದ್ದವರು ವಿಲಿಯಂ ಗ್ರೆಗರಿ. ಚೀಫ್ ಸೆಕ್ರೆಟರಿಗಳು ಬಂದರು, ಹೋದರು. ಗ್ರೆಗರಿ ಮಾತ್ರ ಅಲ್ಲೇ ಇದ್ದರು. ಸರ್ಕಾರಿ ಕಚೇರಿ ಕಂಡವರಿಗೆ ಈ ಜಾತಿಯ ಮನುಷ್ಯ ಗೊತ್ತಿರುತ್ತಾರೆ, ಅಲ್ವಾ?

1818ರಿಂದ ಒಳಗೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ ವರ್ಷವರ್ಷದ ಕಟ್ಟು ಮಾಡಿದ್ದಾರೆ. 1922ರ ಜೂನ್ 30ರಂದು ಅಂತರ್ಯುದ್ಧದ ಗಲಾಟೆಯಲ್ಲಿ ಡಬ್ಲಿನ್‌ನ ಕೋರ್ಟುಗಳಿರುವ ಫೋರ್ ಕೋರ್ಟ್ಸ್‌ನ ದಾಖಲೆ ಕಟ್ಟಡ ಸ್ಫೋಟಗೊಂಡು ಸುಟ್ಟುಹೋಯಿತು. 1821ರ ಜನಗಣತಿಯೂ ಬಹುಪಾಲು ಅಲ್ಲೇ ಬೂದಿಯಾಯಿತು. ಕ್ಯಾಸಲ್‌ನ ಈ ಕಾಗದಗಳು ಬೇರೆ ಕಡೆ, ಕ್ಯಾಸಲ್‌ನ ಗೋಪುರದಲ್ಲಿದ್ದವು. ಅದಕ್ಕೇ ಉಳಿದವು. ಒಬ್ಬ ಬಡವಿ ಬರೆಸಿದ ದೂರು ಉಳಿದು ಇಡೀ ದೇಶದ ಗಣತಿ ಹೋಯಿತು ಅನ್ನುವುದು ನನಗೆ ಈಗಲೂ ವಿಚಿತ್ರ ಅನ್ನಿಸುತ್ತದೆ.

ಅರ್ಜಿಗಳ ಧಾಟಿ ನಮಗೆ ಹೊಸದಲ್ಲ. ಎಲ್ಲ "ವಿನಮ್ರ ಅರ್ಜಿ". ಕೊನೆಯಲ್ಲಿ, ಅರ್ಜಿದಾರರು ತಮಗಾಗಿ ಸದಾ ಪ್ರಾರ್ಥಿಸುತ್ತಾರೆ ಅನ್ನುವ ಮಾತು. ನಮ್ಮ ಕಡೆ "ತಮ್ಮ ವಿಧೇಯ" ಅಂತ ಮುಗಿಸುತ್ತೇವಲ್ಲ, ಹಾಗೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುವ ಬದಲು ಒಂದು ಗುಣಾಕಾರದ ಗುರುತು ಹಾಕಿದ್ದಾರೆ. ಬರೆದುಕೊಟ್ಟವರು ಊರಿನ ಮೇಷ್ಟ್ರೋ, ಕಾಸಿಗೆ ಅರ್ಜಿ ಬರೆಯುವವರೋ. ನಮ್ಮ ಹಳೇ ಪತ್ರಗಳಲ್ಲಿ ಬರೆದವನು ಕೊನೆಗೆ "ಬಿಕ್ಕಲಂ" ಅಂತ ತನ್ನ ಹೆಸರು ಹಾಕುತ್ತಾನೆ. ಇಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಪಶ್ಚಿಮದ, ದಕ್ಷಿಣದ ಹಳ್ಳಿಗಳಲ್ಲಿ ಮನೆಮಾತು ಐರಿಷ್. ಅರ್ಜಿ ಮಾತ್ರ ಇಂಗ್ಲಿಷ್. ಅಂದರೆ ದೂರು ಕ್ಯಾಸಲ್ ಬಾಗಿಲು ಮುಟ್ಟುವ ಹೊತ್ತಿಗೇ ಇನ್ನೊಬ್ಬರ ಬಾಯಿಂದ ಹಾದು ಬಂದಿರುತ್ತಿತ್ತು.

ಕಾಗದವನ್ನು ಉದ್ದಕ್ಕೆ ಮಡಚಿ ಬೆನ್ನ ಮೇಲೆ ನಂಬರು, ತಾರೀಕು, ಯಾರಿಂದ, ಯಾವ ವಿಷಯ ಅಂತ ಗುಮಾಸ್ತರು ಬರೆಯುತ್ತಿದ್ದರು. ಅದರ ಕೆಳಗೆ ಸಾಹೇಬರ ಷರಾ. ನಮ್ಮ ಕಚೇರಿಗಳಲ್ಲಿ ಅರ್ಜಿಗೆ ಕೊಡುವ ಉತ್ತರಕ್ಕೆ "ಹಿಂಬರಹ" ಅನ್ನುತ್ತೇವಲ್ಲ, ಆ ಪದದ ಅರ್ಥ ನನಗೆ ಸರಿಯಾಗಿ ಹೊಳೆದದ್ದು ಈ ಕಾಗದಗಳ ಬೆನ್ನು ನೋಡಿದ ಮೇಲೆ.

ಈಗ ನನ್ನ ತಪ್ಪು. 1820ರ ದಶಕದ ಒಂದು ಕಟ್ಟು. ಹೆಸರು, ಊರು ಬೇಡ. ಮೇಲುಗಡೆ ಒಬ್ಬ ಚೀಫ್ ಕಾನ್‌ಸ್ಟೆಬಲ್‌ನ ವರದಿ. ಚೊಕ್ಕ ಅಕ್ಷರ, ಒಳ್ಳೆ ಕಾಗದ. ದೂರಿನಲ್ಲಿ ಹುರುಳಿಲ್ಲ, ಕಾನ್‌ಸ್ಟೆಬಲ್ ಒಳ್ಳೆಯವನು, ದೂರು ಕೊಟ್ಟ ಹೆಂಗಸಿನ ಅಣ್ಣ ಕಳ್ಳಭಟ್ಟಿ ಇಳಿಸುತ್ತಾನೆಂದು ಊರಿಗೆಲ್ಲ ಗೊತ್ತು. ಬೆನ್ನ ಮೇಲಿನ ಷರಾವೂ ಅದಕ್ಕೆ ತಕ್ಕಂತೆ: ಸರ್ಕಾರ ಇದರಲ್ಲಿ ಕೈಹಾಕುವುದಿಲ್ಲ, ಬೇಕಾದರೆ ಕೋರ್ಟಿಗೆ ಹೋಗಲಿ. ನಾನು ಅದನ್ನು ಓದಿ, ಒಳಗಿನ ಅರ್ಜಿಯ ಮೇಲೆ ಸುಮ್ನೆ ಕಣ್ಣು ಹಾಯಿಸಿ ಬರೆದದ್ದು ಇಷ್ಟು: "ಟರ್ಫ್ ವಿಷಯದಲ್ಲಿ ಕಾನ್‌ಸ್ಟೆಬಲ್ ಮೇಲೆ ವಿಧವೆಯೊಬ್ಬಳ ಸುಳ್ಳು ದೂರು."

ಟರ್ಫ್ ಅಂದರೆ ಜೌಗು ನೆಲದಿಂದ ಇಟ್ಟಿಗೆ ಥರ ಕಡಿದು ಒಣಗಿಸಿದ ಮಣ್ಣು. ಒಲೆಗೆ ಅದೇ ಉರುವಲು. ನಮ್ಮಲ್ಲಿ ಬೆರಣಿ ತಟ್ಟಿ ಗುಡ್ಡೆ ಹಾಕುವಂತೆ ಇಲ್ಲಿ ಮನೆ ಪಕ್ಕ ಟರ್ಫ್ ಒಟ್ಟುತ್ತಾರೆ. ಮಳೆಗಾಲ ಮುಗಿಯುವುದೇ ಇಲ್ಲ ಅನ್ನಿಸುವ ಈ ದೇಶದಲ್ಲಿ ಅದು ಒಣಗುವುದೇ ದೊಡ್ಡ ಭಾಗ್ಯ.

ನಮ್ಮ ತಂಡದ ಹಿರಿಯರಿಗೆ ಆಗ ನಿವೃತ್ತಿಗೆ ಹತ್ತಿರ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ, ಕೊನೆವರೆಗೂ ಮೇಡಂ ಅಂತಲೇ ಅಂದೆ. ಅವರು ನನ್ನ ಸಾಲು ಓದಿ ಕೇಳಿದರು: "ಸುಳ್ಳು ಅಂತ ಯಾರು ಹೇಳಿದ್ದು?"

"ವರದಿಯಲ್ಲಿದೆ ಮೇಡಂ."

"ವರದಿ ಬರೆದವರು ಯಾರು?"

ನಾನು ಸುಮ್ಮನಾದೆ. ಅವರು ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಜೋರಾಗಿ ಓದು" ಅಂದರು. ಓದಿದೆ. ಠಾಣೆಯವರು ನಾಲ್ಕು ಸಲ ಗಾಡಿ ತಂದು ಟರ್ಫ್ ತುಂಬಿಕೊಂಡು ಹೋದರು. ದುಡ್ಡು ಕೇಳಿದ್ದಕ್ಕೆ ಒಬ್ಬ ಕೋವಿಯ ಹಿಂಬದಿಯಿಂದ ಹೆಗಲಿಗೆ ಹೊಡೆದ. ನೋಡಿದವರು ಇಬ್ಬರು, ಅವರ ಹೆಸರು ಇಂತಿಂಥದ್ದು. ನಾನು ಅಲ್ಲಿಗೆ ಬಂದು ನಿಂತೆ. ಇಬ್ಬರು ಸಾಕ್ಷಿಗಳಿದ್ದರು ಅನ್ನುವುದೇ ನನ್ನ ತಲೆಗೆ ಹೋಗಿರಲಿಲ್ಲ. ಮೇಡಂ ಕೇಳಿದರು, "ಅವರ ಹೇಳಿಕೆ ಎಲ್ಲಿದೆ?" ಕಟ್ಟು ಪೂರ್ತಿ ಹುಡುಕಿದೆ. ಇರಲಿಲ್ಲ. ವರದಿಯಲ್ಲಿ ಅವರ ಹೆಸರೂ ಇಲ್ಲ. ಅಣ್ಣನ ಕಳ್ಳಭಟ್ಟಿಗೆ ಐದು ಸಾಲು, ಹೆಗಲಿನ ಏಟಿಗೆ ಒಂದು ಅಕ್ಷರವೂ ಇಲ್ಲ.

ಅವತ್ತು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ನಕ್ಕರು. "ವಿಚಾರಣೆಗೆ ಹೋದವನು ಊಟ ಯಾರ ಮನೇಲಿ ಮಾಡಿದ ಅಂತ ಮೊದಲು ನೋಡಬೇಕು ಕಣೋ" ಅಂದರು.

ಅಪ್ಪನ ಮಾತು ಹಿಡಿದು ಆ ಕಾಲದ ಕಾನೂನು ಓದುತ್ತಾ ಹೋದೆ. 1814ರಲ್ಲಿ ಆಗಿನ ಚೀಫ್ ಸೆಕ್ರೆಟರಿ ರಾಬರ್ಟ್ ಪೀಲ್ ಶಾಂತಿಪಾಲನಾ ಪಡೆ ತಂದರು. ಯಾವುದಾದರೂ ಭಾಗದಲ್ಲಿ ಗಲಭೆ ಜಾಸ್ತಿಯಾದರೆ ಸರ್ಕಾರ ಅದನ್ನು ಗಲಭೆ ಪ್ರದೇಶ ಅಂತ ಘೋಷಿಸಿ, ಅಲ್ಲಿಗೆ ಸಂಬಳದ ಮ್ಯಾಜಿಸ್ಟ್ರೇಟ್ ಒಬ್ಬರನ್ನೂ ಪೊಲೀಸರನ್ನೂ ಕಳಿಸುತ್ತಿತ್ತು. ಮೊದಲು ಕಳಿಸಿದ್ದು ಟಿಪ್ಪರೇರಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಮಿಡ್ಲ್‌ಥರ್ಡ್‌ಗೆ, ರಿಚರ್ಡ್ ವಿಲ್‌ಕಾಕ್ಸ್ ಅವರನ್ನು. ಖರ್ಚೆಲ್ಲ ಆ ಪ್ರದೇಶದ ಜನರ ತಲೆ ಮೇಲೆ. 1817ರ ತಿದ್ದುಪಡಿ ಆದಮೇಲೆ ಸರ್ಕಾರವೂ ಒಂದು ಪಾಲು ಹೊರಬಹುದಾಯಿತು. ನಮ್ಮ ಕಡೆ ಹಿರಿಯರ ಬಾಯಲ್ಲಿ, ಗಲಾಟೆಯಾದ ಊರಿನವರ ಮೇಲೆ ಹಾಕುವ "ಪುಂಡುಗಂದಾಯ" ಅನ್ನುವ ಮಾತು ಕೇಳಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹೀಗಾಗಿ ಜಮೀನು ಇದ್ದವರಿಗೂ ದೂರು ಕೊಡಲು ಕಾರಣ ಸಿಕ್ಕಿತು: ನಮ್ಮ ಊರು ಶಾಂತವಾಗಿದೆ, ದಯಮಾಡಿ ಪೊಲೀಸರನ್ನು ವಾಪಸು ಕರೆಸಿಕೊಳ್ಳಿ.

1822ರಲ್ಲಿ ಇಡೀ ದೇಶಕ್ಕೆ ಕಾನ್‌ಸ್ಟೆಬ್ಯುಲರಿ ಅನ್ನುವ ಪೊಲೀಸ್ ಪಡೆ ಬಂತು. ನಾಲ್ಕು ಪ್ರಾಂತ್ಯ, ನಾಲ್ಕು ಇನ್‌ಸ್ಪೆಕ್ಟರ್ ಜನರಲ್. ಮನ್‌ಸ್ಟರ್‌ಗೆ ಅದೇ ವಿಲ್‌ಕಾಕ್ಸ್, ಕಾನಾಕ್ಟ್‌ಗೆ ಮೇಜರ್ ವಾರ್‌ಬರ್ಟನ್. ಚೀಫ್ ಕಾನ್‌ಸ್ಟೆಬಲ್‌ಗಳನ್ನು ನೇಮಿಸುವುದು ಲಾರ್ಡ್ ಲೆಫ್ಟಿನೆಂಟ್. ಕೆಳಗಿನ ಕಾನ್‌ಸ್ಟೆಬಲ್‌ಗಳನ್ನು ಆರಿಸುವುದು ಕೌಂಟಿಯ ಮ್ಯಾಜಿಸ್ಟ್ರೇಟರು. ಈ ಮ್ಯಾಜಿಸ್ಟ್ರೇಟರು ಬಹುಪಾಲು ಪ್ರಾಟೆಸ್ಟೆಂಟ್ ಜಮೀನ್ದಾರರು. ಅರ್ಜಿದಾರರು ಬಹುಪಾಲು ಕ್ಯಾಥೊಲಿಕ್ ಬಡವರು. ಈಗ ವಿಧವೆಯ ಅರ್ಜಿಯ ದಾರಿ ನೋಡಿ. ಡಬ್ಲಿನ್‌ಗೆ ಬಂತು. ಅಲ್ಲಿಂದ ಇನ್‌ಸ್ಪೆಕ್ಟರ್ ಜನರಲ್‌ಗೆ. ಅವರಿಂದ ಚೀಫ್ ಕಾನ್‌ಸ್ಟೆಬಲ್‌ಗೆ. ಅವನು ಕೇಳಿದ್ದು ಅದೇ ಕಾನ್‌ಸ್ಟೆಬಲ್‌ನನ್ನು. ಉತ್ತರ ಅದೇ ಮೆಟ್ಟಿಲು ಹತ್ತಿ ಮೇಲೆ ಬಂತು. ಕೋರ್ಟಿಗೆ ಹೋಗು ಅಂದರೂ, ಅಲ್ಲಿ ಕೂತಿರುವವರು ಆ ಕಾನ್‌ಸ್ಟೆಬಲ್‌ನನ್ನು ಕೆಲಸಕ್ಕೆ ತೆಗೆದುಕೊಂಡ ಮ್ಯಾಜಿಸ್ಟ್ರೇಟರ ಪೈಕಿಯವರೇ. ಬೇಲಿ ಎದ್ದು ಹೊಲ ಮೇಯ್ದಿದೆ ಅಂತ ದೂರು ಕೊಟ್ಟರೆ, ಮೇಯಲಿಲ್ಲ ಅಂತ ಬೇಲಿಯಿಂದಲೇ ಬರೆಸಿಕೊಂಡು ಬಂದಂತೆ.

ವರದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೊನೆಗೆ ಮಾತಾಡಿದವನ ಕಾಗದ ಕಟ್ಟಿನ ಮೇಲುಗಡೆ ಇರುತ್ತದೆ. ನಾನು ಮೇಲಿನಿಂದ ಓದುತ್ತಾ ಬಂದೆ. ಅವನ ತೀರ್ಪು ನನ್ನ ಪೆನ್ನಿಗೆ ಇಳಿಯಿತು. ಅಂದಿನಿಂದ ಕಟ್ಟು ಬಿಚ್ಚಿದ ಕೂಡಲೇ ತೀರಾ ಒಳಗಿನ ಕಾಗದ ತೆಗೆದು ಮೊದಲು ಅದನ್ನು ಓದುತ್ತೇನೆ. ವರದಿ ಆಮೇಲೆ. ಬೆನ್ನಿನ ಷರಾ ಎಲ್ಲಕ್ಕಿಂತ ಕೊನೆಗೆ.

ಒಂದು ಪಕ್ಕದ ಮಾತು. ಆ ಕಾಲದ ಅರ್ಜಿಗಳು ಯಾರಿಗೆ ಅಂತ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. 1821ರ ಕೊನೆಯಿಂದ 1828ರವರೆಗೆ ಲಾರ್ಡ್ ಲೆಫ್ಟಿನೆಂಟ್ ಆಗಿದ್ದವರು ಮಾರ್ಕ್ವಿಸ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ಅದೇ ವೆಲ್ಲೆಸ್ಲಿ. ಕೋಟೆ ಬಿದ್ದಮೇಲೆ ಅಲ್ಲಿ ಆಡಳಿತ ನಡೆಸಿದ ಅವರ ತಮ್ಮ ಆರ್ಥರ್ ಕೂಡ 1807ರಿಂದ 1809ರವರೆಗೆ ಇಲ್ಲಿ ಚೀಫ್ ಸೆಕ್ರೆಟರಿ. ಅಣ್ಣತಮ್ಮ ಇಬ್ಬರೂ ಐರ್ಲೆಂಡಿನಲ್ಲೇ ಹುಟ್ಟಿದವರು. ಕಾವೇರಿ ದಡದಿಂದ ಬಂದ ನಾನು ಅವರ ಮೇಜಿಗೆ ಬಂದ ಟಪಾಲು ವಿಂಗಡಿಸುತ್ತಾ ಕೂತಿದ್ದೇನೆ. ಅಪ್ಪನಿಗೆ ಹೇಳಿದರೆ, "ಅವರ ಸಂಬಳ ಬಾಕಿ ಇಟ್ಟುಕೊಂಡಿಲ್ಲ ತಾನೆ?" ಅಂದರು.

ಈ ತಪ್ಪಾದ ಮೇಲೆ ನಾನು ಉಲ್ಟಾ ತಪ್ಪು ಮಾಡಲು ಶುರುಮಾಡಿದೆ ಅನ್ನುವುದನ್ನೂ ಹೇಳಬೇಕು. ಒಂದಷ್ಟು ದಿನ ಅರ್ಜಿದಾರರು ಹೇಳಿದ್ದೆಲ್ಲ ನಿಜ ಅಂತ ಬರೆದೆ. ಆಗ ಕೈಗೆ ಬಂತು ಒಂದು ಊರಿನವರ ಸಾಮೂಹಿಕ ದೂರು. ಕೆಳಗೆ ಸಾಲುಸಾಲು ಸಹಿ. ಎಲ್ಲದರ ಅಕ್ಷರವೂ ಒಂದೇ, ಶಾಯಿಯೂ ಒಂದೇ. ಓದುಬರಹ ಬಾರದವರ ಪರವಾಗಿ ಒಬ್ಬನೇ ಬರೆದಿರಬಹುದು. ಒಬ್ಬನೇ ಕೂತು ಇಡೀ ಊರನ್ನು ಹುಟ್ಟಿಸಿರಲೂಬಹುದು. ಭಟ್ಟಿ ಒಡೆದ ಕಾನ್‌ಸ್ಟೆಬಲ್‌ನನ್ನು ಎತ್ತಂಗಡಿ ಮಾಡಿಸಲು ಅರ್ಜಿ ಒಳ್ಳೆ ಆಯುಧವೇ ಆಗಿತ್ತು.

ಇನ್ನೊಂದು ನಾನು ಎಣಿಸಿರದ ಸಂಗತಿ: ಪೊಲೀಸರೂ ಅರ್ಜಿದಾರರೇ. ಕೆಲಸದಿಂದ ತೆಗೆದವರು, ಸಂಬಳ ಬಾಕಿ ಇದ್ದವರು, ಏಟು ತಿಂದು ದುಡಿಯಲಾಗದವರು, ಸತ್ತ ಕಾನ್‌ಸ್ಟೆಬಲ್‌ಗಳ ಹೆಂಡತಿಯರು. ಅವರದೂ ಅದೇ ವಿನಮ್ರ ಧಾಟಿ. ಅವರ ದೂರೂ ಹೋಗುತ್ತಿದ್ದದ್ದು ಅವರನ್ನು ತೆಗೆದುಹಾಕಿದ ಅಧಿಕಾರಿಯ ಕಡೆಗೇ. ಷರಾವೂ ಹೆಚ್ಚು ಬೇರೆಯಿರಲಿಲ್ಲ.

1836ರಲ್ಲಿ ಟಾಮಸ್ ಡ್ರಮಂಡ್ ಅಂಡರ್ ಸೆಕ್ರೆಟರಿ ಆಗಿದ್ದಾಗ ಇದೆಲ್ಲ ಬದಲಾಯಿತು. ನೇಮಕದ ಅಧಿಕಾರ ಮ್ಯಾಜಿಸ್ಟ್ರೇಟರ ಕೈತಪ್ಪಿ ಡಬ್ಲಿನ್‌ಗೆ ಬಂತು. ಇಡೀ ದೇಶಕ್ಕೆ ಒಬ್ಬರೇ ಇನ್‌ಸ್ಪೆಕ್ಟರ್ ಜನರಲ್. ಕಾನ್‌ಸ್ಟೆಬಲ್‌ನನ್ನು ಅವನ ಸ್ವಂತ ಕೌಂಟಿಯಲ್ಲಿ ಇಡುವ ಹಾಗಿಲ್ಲ. ಏಳೆಂಟು ವರ್ಷದಲ್ಲಿ, 1843ರಲ್ಲಿ, ಬ್ರಿಟಿಷ್ ಜನರಲ್ ಚಾರ್ಲ್ಸ್ ನೇಪಿಯರ್ ಸಿಂಧ್‌ನಲ್ಲಿ ಪೊಲೀಸ್ ಕಟ್ಟಿದ್ದು ಈ ಮಾದರಿ ನೋಡಿಯೇ. ಆದರೆ ನನ್ನ ಮೇಜಿನ ಮೇಲಿನ ಕಟ್ಟು ಅದಕ್ಕಿಂತ ಹಿಂದಿನದು. ವಿಧವೆಗೆ ಅದರಿಂದ ಏನೂ ಉಪಯೋಗವಾಗಿರಲಿಕ್ಕಿಲ್ಲ.

ಮೇಡಂ ನನ್ನ ಸಾಲನ್ನು ತಾವೇ ತಿದ್ದಲಿಲ್ಲ. ಪೆನ್ಸಿಲಲ್ಲಿ "ಸುಳ್ಳು" ಅನ್ನುವ ಪದದ ಸುತ್ತ ಒಂದು ಸುತ್ತು ಹಾಕಿ ವಾಪಸು ಕೊಟ್ಟರು. ಮೂರು ಸಲ ಬರೆದೆ. ಈಗ ಅದು ಹೀಗಿದೆ: "ಠಾಣೆಯವರು ದುಡ್ಡು ಕೊಡದೆ ನಾಲ್ಕು ಗಾಡಿ ಟರ್ಫ್ ಒಯ್ದರೆಂದೂ, ಕೇಳಿದ್ದಕ್ಕೆ ಕಾನ್‌ಸ್ಟೆಬಲ್ ಹೊಡೆದನೆಂದೂ ವಿಧವೆಯ ಅರ್ಜಿ, ಇಬ್ಬರು ಸಾಕ್ಷಿಗಳನ್ನು ಹೆಸರಿಸುತ್ತಾಳೆ. ದೂರಿನಲ್ಲಿ ಹುರುಳಿಲ್ಲವೆಂದು ಚೀಫ್ ಕಾನ್‌ಸ್ಟೆಬಲ್‌ನ ವರದಿ. ಸಾಕ್ಷಿಗಳ ಹೇಳಿಕೆ ಕಟ್ಟಿನಲ್ಲಿಲ್ಲ. ಕೋರ್ಟಿಗೆ ಹೋಗಬಹುದೆಂದು ಷರಾ."

ಹೆಸರುಗಳ ಸೂಚಿಗೆ ಆ ಇಬ್ಬರು ಸಾಕ್ಷಿಗಳನ್ನೂ ಸೇರಿಸಿದೆ. ಒಬ್ಬರ ಹೆಸರಿನ ಕಾಗುಣಿತ ಅರ್ಜಿಯಲ್ಲೇ ಎರಡು ಥರ ಇತ್ತು. ಎರಡನ್ನೂ ಹಾಕಿದ್ದೇನೆ.