ಕ್ರೀಟ್ ದ್ವೀಪದಲ್ಲಿ ಸೊಪ್ಪು ಹುಡುಕಿದ ಹನ್ನೆರಡು ದಿನ

ಗ್ರೀಸಿನ ಕ್ರೀಟ್ ದ್ವೀಪದ ಬೀಚ್ ಊರು ಮಾಲಿಯಾದಲ್ಲಿ ನಾವು ಮೊದಲು ಕೂತ ತವೆರ್ನಾದ, ಅಂದರೆ ಅಲ್ಲಿನ ಊಟದ ಹೋಟೆಲಿನ, ಮೆನು ಎಂಟು ಪುಟ ಇತ್ತು. ಪ್ರತಿ ಪದಾರ್ಥಕ್ಕೂ ಒಂದು ಫೋಟೋ, ಪಕ್ಕದಲ್ಲಿ ಆರು ದೇಶಗಳ ಬಾವುಟ. ಬರ್ಗರ್, ಪಿಜ್ಜಾ, ಇಂಗ್ಲಿಷ್ ಬ್ರೇಕ್‌ಫಾಸ್ಟ್, ಕೊನೆಯ ಪುಟದಲ್ಲಿ ಚಿಕನ್ ಕರಿ. ಅತ್ತೆಗೆ ಮೊಟ್ಟೆಯೂ ಆಗದು. ಅವರಿಗಾಗಿ ಹುಡುಕಿದರೆ ಸಿಕ್ಕಿದ್ದು ಆಲೂ ಚಿಪ್ಸ್ ಮತ್ತು ಸಲಾಡ್ ಮಾತ್ರ. ಅತ್ತೆ ಕಾರ್ಡ್ ಮುಚ್ಚಿಟ್ಟು ಕೇಳಿದರು: "ಅಲ್ವೇ, ಇವರು ಮನೇಲಿ ಸೊಪ್ಪು, ಕಾಳು ಏನೂ ಮಾಡಲ್ವಾ?"

ಆ ಪ್ರಶ್ನೆಯ ಬೆನ್ನು ಹತ್ತಿದ್ದೇ ನಮ್ಮ ಹನ್ನೆರಡು ದಿನದ ಪ್ರವಾಸ ಅನ್ನಬಹುದು. ಸೆಪ್ಟೆಂಬರ್ ಕೊನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರೂ ಹೋಗಿದ್ದೆವು. ಕ್ರೀಟ್‌ನಲ್ಲಿ ಆರು ರಾತ್ರಿ, ಆಮೇಲೆ ಸ್ಯಾಂಟೊರಿನಿ ದ್ವೀಪದಲ್ಲಿ ಎರಡು, ನ್ಯಾಕ್ಸೊಸ್ ದ್ವೀಪದಲ್ಲಿ ಮೂರು. ಗ್ರೀಸಿನ ಕಡಲತೀರಕ್ಕೆ ಹೋಗಬೇಕು ಅಂತಿರುವ ಸಸ್ಯಾಹಾರಿ ಕುಟುಂಬಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅತ್ತೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಡುತ್ತಾರೆ. ಬೇಕಾದಷ್ಟು ಮಾಡುತ್ತಾರೆ. ಹೃದಯಕ್ಕೆ ಒಳ್ಳೆಯದು ಅಂತ ಜಗತ್ತೇ ಹೇಳುವ ಮೆಡಿಟರೇನಿಯನ್ ಊಟದ ಮೂಲ ಊರುಗಳಲ್ಲಿ ಕ್ರೀಟ್ ಒಂದು. 1950ರ ದಶಕದ ಕೊನೆಯಲ್ಲಿ ಏಳು ದೇಶಗಳಲ್ಲಿ ಊಟಕ್ಕೂ ಹೃದಯರೋಗಕ್ಕೂ ಇರುವ ನಂಟಿನ ದೊಡ್ಡ ಅಧ್ಯಯನ ಶುರುವಾಯಿತು. ಕ್ರೀಟಿನ ಹಳ್ಳಿಯ ಗಂಡಸರೂ ಅದರಲ್ಲಿದ್ದರು. ಅವರಲ್ಲಿ ಹೃದಯರೋಗ ತೀರಾ ಕಡಿಮೆ ಕಂಡಿತು. ಅವರು ತಿನ್ನುತ್ತಿದ್ದುದು ಸೊಪ್ಪು, ಕಾಳು, ಬಾರ್ಲಿ ರೊಟ್ಟಿ, ಧಾರಾಳ ಆಲಿವ್ ಎಣ್ಣೆ. ಮಾಂಸ ಅಪರೂಪ. 2010ರಲ್ಲಿ ಈ ಆಹಾರ ಪದ್ಧತಿಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಕ್ರೀಟಿನ ಬೀಚ್ ರಸ್ತೆಯಲ್ಲಿ ಈ ಊಟ ಸುಲಭಕ್ಕೆ ಸಿಗುವುದಿಲ್ಲ. ಪ್ರವಾಸೋದ್ಯಮ ಬಂದಾಗ ಮೆನುವಿನಿಂದ ಮೊದಲು ಜಾಗ ಖಾಲಿ ಮಾಡುವುದು ಮಾಂಸವಲ್ಲ, ಸೊಪ್ಪು. ಅದಕ್ಕೇ ಈ ಬದಲಾವಣೆ ಬೇರೆಯವರಿಗಿಂತ ಮೊದಲು ನಮ್ಮಂಥವರ ಕಣ್ಣಿಗೆ ಬೀಳುತ್ತದೆ.

ಯಾಕೆ ಹೀಗೆ? ಸುಟ್ಟ ಮಾಂಸ, ಕರಿದ ಆಲೂಗಡ್ಡೆಯನ್ನು ಗಿರಾಕಿ ಬಂದ ಮೇಲೆ ಹತ್ತೇ ನಿಮಿಷದಲ್ಲಿ ಕೊಡಬಹುದು. ಫ್ರೀಜರ್‌ನಲ್ಲಿ ಇಟ್ಟರೆ ಕೆಡುವುದಿಲ್ಲ. ಹದಿನೆಂಟು ವರ್ಷದ ಸೀಸನ್ ಕೆಲಸದ ಹುಡುಗನೂ ಮಾಡಬಲ್ಲ. ಹಂಡೆಯಲ್ಲಿ ಬೇಯುವ ಬದನೆಕಾಯಿ, ಹುರುಳಿಕಾಯಿ ಹಾಗಲ್ಲ. ಬೆಳಿಗ್ಗೆಯೇ ಒಲೆಗೆ ಇಡಬೇಕು, ಸಂಜೆಯೊಳಗೆ ಖರ್ಚಾಗಬೇಕು. ಅದನ್ನು ತಿನ್ನುವ ಗಿರಾಕಿ ನಾಳೆಯೂ ಬರುತ್ತಾನೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಅಡುಗೆಯವಳು ಅದನ್ನು ಮಾಡುತ್ತಾಳೆ. ವಾರಕ್ಕೊಮ್ಮೆ ವಿಮಾನ ತುಂಬಾ ಹೊಸ ಜನ ಬಂದು ಹೋಗುವ ಊರಲ್ಲಿ ಆ ನಂಬಿಕೆ ಎಲ್ಲಿಂದ ಬರಬೇಕು? ಇದರ ಜೊತೆಗೆ ಕೈಗೆ ಪಟ್ಟಿ ಕಟ್ಟಿ ಮೂರು ಹೊತ್ತೂ ಬಫೆ ಕೊಡುವ ದೊಡ್ಡ ಹೋಟೆಲುಗಳು ಬೇರೆ. ಅಲ್ಲಿ ಉಳಿದವರು ಊರಿನೊಳಗೆ ಕಾಲಿಡುವುದೇ ಕಡಿಮೆ.

ಮಾಲಿಯಾ ಕೆಟ್ಟ ಊರು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಇಪ್ಪತ್ತರ ವಯಸ್ಸಿನವರು ರಾತ್ರಿಯಿಡೀ ಕುಡಿದು ಕುಣಿಯಲು ಬರುವ ಊರು. ಬೀಚ್ ರಸ್ತೆಯಲ್ಲಿ ರೂಮ್ ಅಗ್ಗ ಅಂತ ಬುಕ್ ಮಾಡಿದೆವು. ಬೆಳಗಿನ ಜಾವದವರೆಗೂ ನಿದ್ದೆ ಇಲ್ಲ. ಅಲ್ಲಿಂದ ಮೂರು ಕಿಲೋಮೀಟರ್ ಪೂರ್ವಕ್ಕೆ ಹೋದರೆ ಕ್ರೀಟಿನ ಪುರಾತನ ನಾಗರಿಕತೆಯ ಜನರಾದ ಮಿನೋವನ್ನರ ಅರಮನೆಯ ಅವಶೇಷ ಇದೆ, ಸುಮಾರು ಮೂರೂವರೆ ಸಾವಿರ ವರ್ಷ ಹಳೆಯದು. 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಾವು ಹೋದ ಬೆಳಿಗ್ಗೆ ಅಲ್ಲಿ ಇದ್ದವರು ಹತ್ತೇ ಜನ. ಆಳೆತ್ತರದ ಮಣ್ಣಿನ ವಾಡೆಗಳು ಇನ್ನೂ ನಿಂತಿವೆ. ಅತ್ತೆ ಒಂದರ ಮುಂದೆ ತುಂಬಾ ಹೊತ್ತು ನಿಂತರು. ಅವರ ತವರು ಕೋಲಾರದ ಕಡೆ. ಅಜ್ಜಿ ಮನೆಯಲ್ಲಿ ರಾಗಿ ತುಂಬುತ್ತಿದ್ದ ವಾಡೆಯೂ ಇಷ್ಟೇ ಎತ್ತರ ಇತ್ತಂತೆ.

ಮೂರನೇ ದಿನ ಕಾರು ಬಾಡಿಗೆಗೆ ತೆಗೆದುಕೊಂಡು ಲಸೀಥಿ ಬಯಲಿನ ಕಡೆ ಬೆಟ್ಟ ಹತ್ತಿದೆವು. ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಂಡು ಹೋಗಿ, ಆರ್‌ಟಿಓದಲ್ಲಿ ಸಿಗುತ್ತದೆ. ದಾರಿಯಲ್ಲಿ ಕ್ರಾಸಿ ಅನ್ನುವ ಹಳ್ಳಿ. ಅಲ್ಲಿ ಪ್ಲೇನ್ ಅನ್ನುವ ಜಾತಿಯ ದೊಡ್ಡದೊಂದು ಮರ, ಹತ್ತು ಜನ ಕೈ ಹಿಡಿದರೂ ಬುಡ ತಬ್ಬಲು ಆಗದಷ್ಟು. ಪಕ್ಕದಲ್ಲೇ ತಣ್ಣನೆಯ ನೀರಿನ ಬುಗ್ಗೆ. ಮಾಲಿಯಾದಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ.

ಅಂಥದ್ದೇ ಒಂದು ಬೆಟ್ಟದ ಹಳ್ಳಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಸಣ್ಣ ತವೆರ್ನಾಗೆ ಹೋದೆವು. ಮೆನು ಕೇಳಿದರೆ ತವೆರ್ನಾ ನಡೆಸುವವರ ಮಗ ನಕ್ಕು ನಮ್ಮನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದ. ಅವನ ಅಮ್ಮ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಅವರೆಯಂಥ ಕಾಳು. ಅಕ್ಕಿ ತುಂಬಿದ ದಪ್ಪ ಮೆಣಸಿನಕಾಯಿ. ಬೆಂಡೆಕಾಯಿ. ಕೊನೆಯ ಪಾತ್ರೆಯಲ್ಲಿ ಬೇಯಿಸಿದ ಸೊಪ್ಪು. ಅತ್ತೆ ಬಗ್ಗಿ ನೋಡಿದರು. "ದಂಟಿನ ಸೊಪ್ಪು ಕಣೇ!" ಅಂದರು. ಹೌದು, ದಂಟಿನ ಜಾತಿಯದೇ. ಅವರು ಅದಕ್ಕೆ ವ್ಲೀತಾ ಅನ್ನುತ್ತಾರೆ. ಸುಮ್ನೆ ನೀರಿನಲ್ಲಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ನಿಂಬೆಹಣ್ಣಿನ ರಸ. ಅಷ್ಟೇ. ಸಲಾಡ್‌ನಲ್ಲಿ ದೊಡ್ಡಗೋಣಿ ಸೊಪ್ಪಿನ ಎಲೆ ಇದ್ದವು. ಹೊಲದ ಬದುವಿನಲ್ಲಿ ತಾನೇ ಬೆಳೆಯುವ ಇಂಥ ಸೊಪ್ಪಿಗೆಲ್ಲ ಅಲ್ಲಿ ಒಂದೇ ಹೆಸರು, ಹೋರ್ತಾ. ನಮ್ಮ ಬೆರಕೆ ಸೊಪ್ಪು ಅಂದುಕೊಳ್ಳಿ. ಕಾಲಕ್ಕೆ ತಕ್ಕಂತೆ ಸೊಪ್ಪು ಬದಲಾಗುತ್ತದೆ.

ಅಷ್ಟು ಚೆನ್ನಾಗಿ ನಾವು ಇಡೀ ಪ್ರವಾಸದಲ್ಲಿ ಮತ್ತೆ ಊಟ ಮಾಡಲಿಲ್ಲ. ಮೂವರಿಗೆ 31 ಯೂರೋ ಆಯಿತು. ಅತ್ತೆಗೂ ಆ ತಾಯಿಗೂ ಒಂದು ಮಾತೂ ಅರ್ಥವಾಗದು. ಆದರೂ ಇಬ್ಬರೂ ಕೂತು ಕೈಸನ್ನೆಯಲ್ಲೇ ಸೊಪ್ಪು ಸೋಸುವ ಬಗ್ಗೆ ಮಾತಾಡಿದರು. ಮಗ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ: ಈ ಅಡುಗೆ ನಮ್ಮ ಮನೆಗೆ, ಊರವರಿಗೆ ಅಂತ ಮಾಡುವುದು. ಕೆಳಗೆ ಬೀಚ್ ಹತ್ತಿರ ಅವನ ಚಿಕ್ಕಪ್ಪನ ತವೆರ್ನಾ ಇದೆ. ಅಲ್ಲಿ ಎರಡು ವರ್ಷ ಇದನ್ನೇ ಮಾಡಿ ನೋಡಿದರು, ಸಂಜೆಗೆಲ್ಲ ಎಸೆಯಬೇಕಾಯಿತು.

ಅಲ್ಲಿ ಕಲಿತದ್ದನ್ನು ಮುಂದೆ ಎಲ್ಲ ಕಡೆ ಬಳಸಿದೆವು. ಬೆಳಿಗ್ಗೆ ಮಾಡಿಟ್ಟ ಅಡುಗೆಗೆ ಮಾಯಿರೆಫ್ತಾ ಅನ್ನುತ್ತಾರೆ. ಎಣ್ಣೆಯಲ್ಲಿ ಬೇಯಿಸಿದ ತರಕಾರಿಗೆ ಲಾದೆರಾ ಅನ್ನುತ್ತಾರೆ, ಎಣ್ಣೆಯದು ಅಂತಲೇ ಅರ್ಥ. ನಮ್ಮ ಎಣ್ಣೆಗಾಯಿಯ ಹಾಗೆ. ಇವೆರಡೂ ಮಧ್ಯಾಹ್ನ ಚೆನ್ನಾಗಿರುತ್ತವೆ, ರಾತ್ರಿಗೆ ಮುಗಿದಿರುತ್ತವೆ. ಹಾಗಾಗಿ ಮುಖ್ಯ ಊಟ ಮಧ್ಯಾಹ್ನವೇ ಮಾಡಿ. ಒಳಗೆ ಹೋಗಿ "ಟಿ ಮಾಯಿರೆಪ್ಸಾತೆ ಸೀಮೆರಾ?" ಅಂತ ಕೇಳಿ, ಇವತ್ತು ಏನು ಅಡುಗೆ ಅಂತ. ಈ ಒಂದು ಮಾತಿಗೆ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದೆ. ಬಾಗಿಲಲ್ಲಿ ನಿಂತು ಕೈ ಹಿಡಿದು ಕರೆಯುವವರು ಇದ್ದರೆ, ಫೋಟೋ ಬೋರ್ಡು ಇದ್ದರೆ ಮುಂದೆ ನಡೆಯಿರಿ. ಹೋರ್ಯಾತಿಕಿ ಅನ್ನುವ ಹಳ್ಳಿ ಸಲಾಡ್‌ಗೆ ಟೊಮೆಟೊ, ಸೌತೆ, ಈರುಳ್ಳಿ, ಆಲಿವ್, ಫೆಟಾ ಚೀಸ್ ಹಾಕುತ್ತಾರೆ. ತಟ್ಟೆ ತುಂಬಾ ಲೆಟ್ಯೂಸ್ ಎಲೆ ತುರುಕಿದ್ದರೆ ಅದು ಪ್ರವಾಸಿಗರಿಗೆ ಮಾಡಿದ್ದು. ಮೆನುವಿನಲ್ಲಿ ನಕ್ಷತ್ರದ ಗುರುತು ಇದ್ದರೆ ಸಾಮಾನ್ಯವಾಗಿ ಆ ಪದಾರ್ಥ ಫ್ರೋಜನ್ ಅಂತ ಅರ್ಥ. ಕಾರ್ಡಿನ ತುಂಬಾ ನಕ್ಷತ್ರ ಇದ್ದರೆ ಎದ್ದು ಬನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಸ್ಯಾಹಾರಿಗಳಿಗೆ ತುಂಬಾ ಕೆಲಸಕ್ಕೆ ಬರುವ ಇನ್ನೊಂದು ಪದ ನಿಸ್ತೀಸಿಮೋ. ಉಪವಾಸದ ಊಟ ಅಂತ. ಆರ್ಥೊಡಾಕ್ಸ್ ಚರ್ಚಿನ ನೇಮ ಪೂರ್ತಿ ಪಾಲಿಸಿದರೆ ವರ್ಷದಲ್ಲಿ ಅರ್ಧದಷ್ಟು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವಂತಿಲ್ಲ. ಹಾಗಾಗಿ ಮಾಂಸವಿಲ್ಲದ ಅಡುಗೆ ಅವರಿಗೆ ಹೊಸದಲ್ಲ. ಆದರೆ ಒಂದು ಎಚ್ಚರಿಕೆ. ರಕ್ತ ಇಲ್ಲ ಅಂತ ಆಕ್ಟೋಪಸ್, ಸಿಗಡಿಯನ್ನು ಉಪವಾಸದ ಊಟಕ್ಕೆ ಸೇರಿಸುತ್ತಾರೆ. ಅದನ್ನು ಬಿಡಿಸಿ ಹೇಳಲೇಬೇಕು. ಯೆಮಿಸ್ತಾ ಅನ್ನುವ ತುಂಬಿದ ತರಕಾರಿಯಲ್ಲೂ ಕೆಲವರು ಕೈಮಾ ಹಾಕುತ್ತಾರೆ. ಕೈಮಾ ಇಲ್ಲದ್ದಕ್ಕೆ ಓರ್ಫಾನಾ ಅನ್ನುತ್ತಾರೆ. ಅಂದರೆ ತಬ್ಬಲಿ! ನಾವು ಎಲ್ಲ ಕಡೆ ತಬ್ಬಲಿಯನ್ನೇ ಕೇಳಿ ತಿಂದೆವು.

ಮಾಲಿಯಾ ರೂಮ್ ಬಿಟ್ಟು ಉಳಿದ ನಾಲ್ಕು ರಾತ್ರಿ ಅರ್ಹಾನೆಸ್‌ಗೆ ಹೋದೆವು. ಕ್ರೀಟಿನ ದೊಡ್ಡ ಪಟ್ಟಣ ಹೆರಾಕ್ಲಿಯೊನ್‌ನಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್, ದ್ರಾಕ್ಷಿ ತೋಟಗಳ ನಡುವಿನ ಊರು. ಸಮುದ್ರ ಇಲ್ಲ. ಆದರೆ ಶಾಲೆ ಬಿಟ್ಟ ಮಕ್ಕಳು, ಕಾಫಿ ಅಂಗಡಿಯಲ್ಲಿ ಹರಟುವ ಮುದುಕರು, ಬೇಕರಿ ಎಲ್ಲ ಇವೆ. ಸಂಜೆ ಚೌಕದಲ್ಲಿ ಊರವರೇ ಬಂದು ಕೂರುತ್ತಾರೆ. ಬಸ್ ಚೆನ್ನಾಗಿದೆ. ಗಟ್ಟಿ ಬಾರ್ಲಿ ರಸ್ಕ್ ಮೇಲೆ ತುರಿದ ಟೊಮೆಟೊ, ಮೆತ್ತನೆಯ ಚೀಸ್, ಎಣ್ಣೆ ಹಾಕಿ ಕೊಡುವ ದಾಕೋಸ್ ನಮ್ಮ ದಿನದ ತಿಂಡಿಯಾಗಿತ್ತು. ಬೀಚ್ ಬೇಕಾದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್. ನನ್ನ ಕೇಳಿದರೆ ಕ್ರೀಟ್‌ನಲ್ಲಿ ಇಂಥ ಊರಿನಲ್ಲೇ ಇಳಿದುಕೊಳ್ಳಿ ಅನ್ನುತ್ತೇನೆ.

ಒಂದು ಸಂಜೆ ಬೇಡ ಅನ್ನಿಸಿದರೂ ಪ್ರವಾಸಿಗರಿಗಾಗಿ ನಡೆಸುವ ಹಾಡು ಕುಣಿತದ 'ಗ್ರೀಕ್ ನೈಟ್'ಗೆ ಹೋದೆವು. ಹೆಗಲಿಗೆ ಕೈ ಹಾಕಿ ಕುಣಿಯುವ ಸಿರ್ತಾಕಿ ನೃತ್ಯ ಪುರಾತನದ್ದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಹಳೆಯ ಕುಣಿತಗಳನ್ನು ಸೇರಿಸಿ 1964ರ ಒಂದು ಸಿನಿಮಾಕ್ಕಾಗಿ ಕಟ್ಟಿದ್ದು. ಕ್ರೀಟಿಗೆ ತನ್ನದೇ ಹಳೆಯ ಕುಣಿತಗಳಿವೆ, ಲೀರಾ ವಾದ್ಯ ಇದೆ. ಅವು ಹಳ್ಳಿಯ ಮದುವೆಗಳಲ್ಲಿ ಇನ್ನೂ ಜೀವಂತ.

ಇದನ್ನೆಲ್ಲ ಹೇಳುವಾಗ ಅಲ್ಲಿನವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. 1950, 60ರ ದಶಕಗಳಲ್ಲಿ ಈ ದ್ವೀಪಗಳು ಬಡತನದಲ್ಲಿದ್ದವು. ಹುಡುಗರು ಜರ್ಮನಿ, ಆಸ್ಟ್ರೇಲಿಯಾಕ್ಕೆ ದುಡಿಯಲು ಹೊರಟರು. 1956ರ ಭೂಕಂಪದ ನಂತರ ಸ್ಯಾಂಟೊರಿನಿಯಿಂದ ಎಷ್ಟೋ ಕುಟುಂಬಗಳು ಮನೆ ಬಿಟ್ಟವು. ಪ್ರವಾಸಿಗರು ಬಂದ ಮೇಲೆ ಮಕ್ಕಳು ಊರಲ್ಲೇ ಉಳಿದರು. ಗೋಕರ್ಣದ ಬೀಚ್ ಅಂಗಡಿಗಳಲ್ಲಿ ಹಮ್ಮಸ್, ಪ್ಯಾನ್‌ಕೇಕ್ ಮಾರುವುದನ್ನು ನೋಡಿದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಸ್ಯಾಂಟೊರಿನಿಯಲ್ಲಿ ಮಾತ್ರ ನನಗೆ ನಿಜವಾಗಿ ಸಂಕಟ ಆಯಿತು. ಸುಮಾರು 15 ಸಾವಿರ ಜನ ವಾಸ ಇರುವ ದ್ವೀಪ. ಒಂದೇ ದಿನ ಹಡಗುಗಳಿಂದ ಸಾವಿರಾರು ಜನ ಇಳಿಯುತ್ತಾರೆ. 2025ರ ಜುಲೈನಿಂದ ಬೇಸಿಗೆಯಲ್ಲಿ ಕ್ರೂಸ್ ಪ್ರಯಾಣಿಕರಿಗೆ ತಲೆಗೆ 20 ಯೂರೋ ಶುಲ್ಕ ಹಾಕಿದ್ದಾರೆ. ಫೆರಿಯಲ್ಲಿ ಹೋದವರಿಗೆ ಅದಿಲ್ಲ. ಊರಿನ ಶಾಲೆಗೆ ವರ್ಗವಾಗಿ ಬರುವ ಮೇಷ್ಟ್ರುಗಳಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಮನೆಗಳೆಲ್ಲ ಪ್ರವಾಸಿಗರ ರೂಮ್ ಆಗಿವೆ. ಗಾಳಿಗೆ ಹೆದರಿ ನೆಲಕ್ಕೆ ಬುಟ್ಟಿಯ ಹಾಗೆ ಸುತ್ತಿ ಬೆಳೆಸುವ ದ್ರಾಕ್ಷಿ ಬಳ್ಳಿಗಳ ಜಾಗವನ್ನೂ ಹೋಟೆಲುಗಳು ತಿನ್ನುತ್ತಿವೆ. ಇಯಾ ಅನ್ನುವ ಊರಿನಲ್ಲಿ ಸೂರ್ಯಾಸ್ತ ನೋಡಲು ಸೇರಿದ ಜನಜಂಗುಳಿಯಲ್ಲಿ ಅತ್ತೆಗೆ ಉಸಿರು ಕಟ್ಟಿತು. ಒಂದು ಸಲಾಡ್‌ಗೆ 17 ಯೂರೋ ಕೊಟ್ಟೆವು. ನನ್ನ ಗಂಡ ಮೀನು ತಿನ್ನುತ್ತಾರೆ. ಬಂದರಿನ ಹತ್ತಿರ ಒಂದು ಕಡೆ ಬೆಲೆ ಕೇಳದೆ ಮೀನು ಹೇಳಿದರು. ಅದು ಕಿಲೋ ಲೆಕ್ಕ. ಬಿಲ್ 74 ಯೂರೋ ಬಂತು. ಮೀನು ತಿನ್ನುವವರು ಕಣ್ಣ ಮುಂದೆಯೇ ತೂಕ ಹಾಕಿಸಿ, ಒಟ್ಟು ಎಷ್ಟು ಅಂತ ಕೇಳಿ. ರಸೀದಿ ಕೊಡದಿದ್ದರೆ ಹಣ ಕೊಡಬೇಕಿಲ್ಲ ಅಂತ ಅಲ್ಲಿ ಕಾನೂನೇ ಇದೆ, ಮೆನುವಿನಲ್ಲೇ ಬರೆದಿರುತ್ತಾರೆ. ಇಯಾ ಬದಲು ಪಿರ್ಗೋಸ್, ಮೆಗಾಲೊಹೋರಿ ಹಳ್ಳಿಗಳಲ್ಲಿ ಸಂಜೆ ಕಳೆಯಿರಿ. ಒಂದು ರಾತ್ರಿ ಸಾಕು.

ನ್ಯಾಕ್ಸೊಸ್ ಅಲ್ಲಿಂದ ಫೆರಿಯಲ್ಲಿ ಸುಮಾರು ಎರಡು ಗಂಟೆ. ಬೀಚ್ ಅಲ್ಲೂ ಇದೆ, ಪ್ರವಾಸಿಗರೂ ಇದ್ದಾರೆ. ಆದರೆ ದ್ವೀಪ ದೊಡ್ಡದು, ನೀರಿದೆ, ಬೇಸಾಯ ನಿಂತಿಲ್ಲ. ಆಲೂಗಡ್ಡೆಗೆ, ಗ್ರಾವಿಯೆರಾ ಚೀಸಿಗೆ ಹೆಸರುವಾಸಿ. ತವೆರ್ನಾದ ಚಿಪ್ಸ್ ಕೂಡ ಅಲ್ಲಿಯದೇ ಆಲೂಗಡ್ಡೆಯದು, ರುಚಿಯಲ್ಲೇ ಗೊತ್ತಾಗುತ್ತದೆ. ಬೇಸಾಯ ಉಳಿದಲ್ಲಿ ಊಟವೂ ಉಳಿದಿದೆ ಅಂತ ನನಗೆ ಅಲ್ಲಿ ಅನ್ನಿಸಿತು. ಪಕ್ಕದ ಪ್ಯಾರೊಸ್‌ನಲ್ಲಿ 2023ರ ಬೇಸಿಗೆಯಲ್ಲಿ ಊರವರು ಟವೆಲ್ ಹಿಡಿದು ಮೆರವಣಿಗೆ ಮಾಡಿದ್ದರು, ಬಾಡಿಗೆ ಕುರ್ಚಿಗಳು ಬೀಚ್ ಪೂರ್ತಿ ಆಕ್ರಮಿಸಿವೆ ಅಂತ. ಸಮುದ್ರ ತೀರದಲ್ಲಿ ನಿಮ್ಮ ಟವೆಲ್ ಹಾಸಿ ಕೂರಲು ದುಡ್ಡು ಕೊಡಬೇಕಿಲ್ಲ, ನೆನಪಿರಲಿ.

ಉಳಿದ ತಯಾರಿ ಚಿಕ್ಕದಾಗಿ ಹೇಳುತ್ತೇನೆ. ಗ್ರೀಸಿಗೆ ಬೇಕಾದ ಷೆಂಗನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ತಡ ಮಾಡಬೇಡಿ. ಜುಲೈ, ಆಗಸ್ಟ್ ಬೇಡ. ರಶ್ ಜಾಸ್ತಿ, ಬಿಸಿಲು ಜಾಸ್ತಿ, ಜೋರು ಗಾಳಿಗೆ ಫೆರಿ ನಿಲ್ಲುವುದೂ ಉಂಟು. ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಅಕ್ಟೋಬರ್ ಮುಗಿದರೆ ಬೀಚ್ ಊರುಗಳು ಬಾಗಿಲು ಹಾಕಿಕೊಳ್ಳುತ್ತವೆ. ರೂಮ್ ಬಾಡಿಗೆ ಜೊತೆ ಪ್ರತಿ ರಾತ್ರಿಗೆ ಸರ್ಕಾರದ ಶುಲ್ಕ ಬೇರೆ ಇರುತ್ತದೆ, ಬುಕ್ ಮಾಡುವಾಗ ಅದನ್ನೂ ಲೆಕ್ಕ ಹಾಕಿ. ಸೂಟ್‌ಕೇಸ್ ತುಂಬಾ ರೆಡಿಮೇಡ್ ಉಪ್ಪಿಟ್ಟಿನ ಪೊಟ್ಟಣ ಒಯ್ಯಬೇಡಿ. ನಾವು ಒಯ್ದಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ವಾಪಸ್ ಬಂತು. ಉಪ್ಪಿನಕಾಯಿ ಮಾತ್ರ ಖಾಲಿಯಾಯಿತು.

ಬರುವಾಗ ಸ್ಯಾಂಟೊರಿನಿಯ ಫಾವಾ ಬೇಳೆ ಒಂದು ಕಿಲೋ ತಂದೆವು. ಹಳದಿ ಬಣ್ಣ, ಬೇಯಿಸಿ ಅರೆದರೆ ತೊವ್ವೆಯ ಹಾಗಾಗುತ್ತದೆ. ಬೇರೆ ಕಡೆಯ ಬಟಾಣಿ ಬೇಳೆಯನ್ನೂ ಫಾವಾ ಅಂತ ಮಾರುತ್ತಾರೆ. ಪೊಟ್ಟಣದ ಮೇಲೆ ಸ್ಯಾಂಟೊರಿನಿಯ ಹೆಸರು, ಕೆಂಪು ಹಳದಿಯ ದುಂಡನೆಯ ಯುರೋಪಿನ ಮುದ್ರೆ ನೋಡಿ ತೆಗೆದುಕೊಳ್ಳಿ. ಬೆಂಗಳೂರಿಗೆ ಬಂದ ಮಾರನೆಯ ದಿನ ಅತ್ತೆ ಅದನ್ನು ಗ್ರೀಕರ ಹಾಗೇ ಮಾಡಿದರು, ಹಸಿ ಈರುಳ್ಳಿ, ಆಲಿವ್ ಎಣ್ಣೆ ಹಾಕಿ. ಎರಡನೇ ದಿನ ಉಳಿದದ್ದಕ್ಕೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಬಿತ್ತು.